ಎನಿಟೋನ್, ಯಾಯೆಸು, ಐಕಾಮ್: ಮೂರು ಡಿಜಿಟಲ್ ಹ್ಯಾಂಡಿಗಳನ್ನು ಕೈಯಲ್ಲಿ ಹಿಡಿದು ನೋಡಿದಾಗ

ಹವ್ಯಾಸಿ (ಹ್ಯಾಮ್) ರೇಡಿಯೋದಲ್ಲಿ, ಹಳೆಯ ಅನಲಾಗ್ ವಿಧಾನವಾದ ಎಫ್‌ಎಂನಲ್ಲಿ ಯಾವ ಕಂಪನಿಯ ಸೆಟ್ ಆದರೂ ಇನ್ನೊಂದರ ಜೊತೆ ಮಾತಾಡುತ್ತದೆ. ಡಿಜಿಟಲ್‌ಗೆ ಬಂದ ಕೂಡಲೇ ಈ ಸಲೀಸು ಹೋಗುತ್ತದೆ. ಅಲ್ಲಿ ದನಿಯನ್ನು ಅಂಕಿಯಾಗಿಸಿ ಕಳಿಸಲು ಡಿಎಂಆರ್, ಫ್ಯೂಶನ್, ಡಿ-ಸ್ಟಾರ್ ಎಂಬ ಬೇರೆ ಬೇರೆ ಮೋಡ್‌ಗಳಿವೆ. ಡಿಎಂಆರ್ ಸೆಟ್ಟಿನ ಮಾತು ಫ್ಯೂಶನ್ ಸೆಟ್ಟಿಗೆ ತಿಳಿಯದು, ಫ್ಯೂಶನ್‌ನದ್ದು ಡಿ-ಸ್ಟಾರ್‌ಗೆ ತಿಳಿಯದು. ಅದಕ್ಕೇ ಡಿಜಿಟಲ್ ಹ್ಯಾಂಡಿ (ಕೈಯಲ್ಲಿ ಹಿಡಿಯುವ ಸೆಟ್) ಕೊಳ್ಳುವವರು ಮೊದಲು ನೋಡಬೇಕಾದ್ದು ತಮ್ಮ ಊರಿನ ರಿಪೀಟರ್ (ಸಿಗ್ನಲ್ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ) ಯಾವ ಮೋಡ್‌ನದ್ದು, ಗೆಳೆಯರ ಕೈಯಲ್ಲಿ ಯಾವ ಸೆಟ್ ಇದೆ ಎಂಬುದನ್ನು. ಪರದೆ, ಬ್ಯಾಟರಿ, ಬ್ಲೂಟೂತ್ ಎಲ್ಲ ಆಮೇಲೆ.

ಇಲ್ಲಿ ಹೋಲಿಸಿರುವುದು ಮೂರು ಸೆಟ್‌ಗಳನ್ನು. ಡಿಎಂಆರ್‌ಗೆ ಎನಿಟೋನ್ 878ರ ಎರಡನೇ ತಲೆಮಾರಿನ ಪ್ಲಸ್ ಮಾದರಿ, ಸಿಸ್ಟಮ್ ಫ್ಯೂಶನ್‌ಗೆ ಯಾಯೆಸು ಎಫ್‌ಟಿ-70ಡಿ, ಡಿ-ಸ್ಟಾರ್‌ಗೆ ಐಕಾಮ್ ಐಡಿ-52. ಮೂರರಲ್ಲೂ 2 ಮೀಟರ್, 70 ಸೆಂಟಿಮೀಟರ್ ಬ್ಯಾಂಡ್‌ಗಳಿವೆ, ಮೂರೂ ಎಫ್‌ಎಂ ಆಡುತ್ತವೆ. ಬೆಲೆಯಲ್ಲಿ ಐಡಿ-52 ಮಿಕ್ಕ ಎರಡಕ್ಕಿಂತ ತುಂಬಾ ಮೇಲೆ.

ಮೊದಲ ಮಾತು ಆಡುವ ಮುಂಚೆ ಎಷ್ಟು ಕೆಲಸ ಮಾಡಬೇಕು ಎಂಬುದರಲ್ಲೇ ಮೂರರ ನಿಜವಾದ ವ್ಯತ್ಯಾಸ ಇರುವುದು. ಎಫ್‌ಟಿ-70ಡಿಯಲ್ಲಿ ನಿಮ್ಮ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಕರೆಸಂಕೇತ) ತುಂಬಿ, ಫ್ರೀಕ್ವೆನ್ಸಿ ಒತ್ತಿದರೆ ಮುಗಿಯಿತು, ಕಂಪ್ಯೂಟರ್ ಬೇಕಿಲ್ಲ. ಎಎಂಎಸ್ ಎಂಬ ಸೌಲಭ್ಯ ಬಂದ ಸಿಗ್ನಲ್ ಎಫ್‌ಎಂನೋ ಸಿ4ಎಫ್‌ಎಂನೋ (ಫ್ಯೂಶನ್‌ನ ಡಿಜಿಟಲ್ ಸಿಗ್ನಲ್) ನೋಡಿಕೊಂಡು ಸೆಟ್ಟನ್ನು ತಾನೇ ಬದಲಿಸುತ್ತದೆ. ಇಲ್ಲಿ ಎಡವುವ ಜಾಗ ಒಂದಿದೆ: ಕೊನೆಗೆ ಕೇಳಿಸಿದ್ದು ಎಫ್‌ಎಂ ಆಗಿದ್ದರೆ ನಿಮ್ಮ ಉತ್ತರವೂ ಎಫ್‌ಎಂನಲ್ಲೇ ಹೋಗಬಹುದು. ಡಿಜಿಟಲ್ ರಿಪೀಟರ್ ಉತ್ತರ ಕೊಡದಿದ್ದರೆ ಮೊದಲು ಮೋಡ್ ನೋಡಿ, ಆಮೇಲೆ ಡಿಜಿ-ಐಡಿ (ಗುಂಪು ಬೇರ್ಪಡಿಸುವ ಎರಡಂಕಿ ಸಂಖ್ಯೆ) ನೋಡಿ. 00 ಇಟ್ಟರೆ ಎಲ್ಲವೂ ಕೇಳಿಸುತ್ತದೆ. ರಿಪೀಟರ್ ಬೇರೆ ಸಂಖ್ಯೆ ಕೇಳುತ್ತಿದ್ದರೆ ಅದನ್ನೇ ಹಾಕಬೇಕು.

ಐಡಿ-52ರಲ್ಲಿ ಡಿಆರ್ ಮೋಡ್ ಇದೆ. ಪರದೆಯ ಮೇಲೆ ಎರಡೇ ಸಾಲು: ಯಾವ ರಿಪೀಟರ್‌ನಿಂದ, ಯಾರಿಗೆ. ಡಯಲ್ ತಿರುಗಿಸಿ ಆರಿಸಿದರೆ ಉಳಿದ ಕರೆಸಂಕೇತಗಳನ್ನು ಸೆಟ್ ತಾನೇ ತುಂಬಿಕೊಳ್ಳುತ್ತದೆ. ಜಿಪಿಎಸ್ ಇರುವುದರಿಂದ ಹತ್ತಿರದ ರಿಪೀಟರ್‌ಗಳನ್ನೂ ತೋರಿಸುತ್ತದೆ. ಆದರೆ ಪಟ್ಟಿ ಹಳತಾಗಿದ್ದರೆ ತೋರಿಸುವುದೂ ಹಳತೇ, ಹಾಗಾಗಿ ಮೈಕ್ರೋ ಎಸ್‌ಡಿ ಕಾರ್ಡ್ ಮೂಲಕ ಆಗಾಗ ಹೊಸ ಪಟ್ಟಿ ಹಾಕಿಕೊಳ್ಳಬೇಕು. ಗೇಟ್‌ವೇಯಲ್ಲಿ (ರಿಪೀಟರನ್ನು ಅಂತರ್ಜಾಲಕ್ಕೆ ಸೇರಿಸುವ ಕೊಂಡಿ) ಕಾಲ್‌ಸೈನ್ ಒಂದು ಸಲ ನೋಂದಾಯಿಸದಿದ್ದರೆ ನಿಮ್ಮ ಮಾತು ಸ್ಥಳೀಯ ರಿಪೀಟರ್ ದಾಟುವುದಿಲ್ಲ. ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಬಿಟ್ಟ ಮೇಲೆ ಪರದೆ ನೋಡುವ ಅಭ್ಯಾಸ ಮಾಡಿಕೊಳ್ಳಿ. 'ಯುಆರ್?' ಎಂದು ಬಂದರೆ ಸಿಗ್ನಲ್ ಹೋಗಿದೆ, ಆ ಕಡೆಯವರು ಮಾತಾಡಬೇಕಷ್ಟೆ. 'ಆರ್‌ಪಿಟಿ?' ಎಂದು ಬಂದರೆ ರಿಪೀಟರ್ ಕೇಳಿಸಿಕೊಂಡಿದೆ, ಮುಂದಕ್ಕೆ ಕಳಿಸಲಾಗಿಲ್ಲ. ಏನೂ ಬರದಿದ್ದರೆ ರಿಪೀಟರ್ ತನಕವೇ ತಲುಪಿಲ್ಲ. ದೋಷ ಎಲ್ಲಿದೆ ಎಂದು ಇಷ್ಟು ನೇರವಾಗಿ ಮಿಕ್ಕ ಎರಡು ಸೆಟ್ ಹೇಳುವುದಿಲ್ಲ.

ಎನಿಟೋನ್ ಮಾತ್ರ ಕೋಡ್‌ಪ್ಲಗ್ (ಕಂಪ್ಯೂಟರಿನಲ್ಲಿ ಸಿದ್ಧಪಡಿಸಿ ಸೆಟ್ಟಿಗೆ ತುಂಬುವ ಹೊಂದಿಕೆಗಳ ಕಡತ) ಇಲ್ಲದೆ ಮುಂದೆ ಹೋಗುವುದಿಲ್ಲ. ಹೆದರಬೇಕಾದ್ದೇನಿಲ್ಲ, ಆದರೆ ಕ್ರಮ ತಪ್ಪಬಾರದು. ಮೊದಲು ರೇಡಿಯೋಐಡಿ ತಾಣದಲ್ಲಿ ಲೈಸೆನ್ಸ್ ಪ್ರತಿ ಕೊಟ್ಟು ಡಿಎಂಆರ್ ಐಡಿ ಪಡೆಯಿರಿ. ಏಳು ಅಂಕೆಯದು, ಭಾರತದವರಿಗೆ 404ರಿಂದ ಶುರುವಾಗುತ್ತದೆ. ಸೆಟ್ ಎಷ್ಟೇ ಇದ್ದರೂ ಒಂದೇ ಐಡಿ ಸಾಕು, ಹಾಟ್‌ಸ್ಪಾಟ್‌ಗೆ (ಅಂತರ್ಜಾಲಕ್ಕೆ ಸೇರಿಸಿದ, ಮನೆಯೊಳಗಿನ ಪುಟ್ಟ ರಿಪೀಟರಿನಂಥ ಪೆಟ್ಟಿಗೆ) ಆ ಐಡಿಯ ಕೊನೆಗೆ 01, 02 ಎಂದು ಎರಡಂಕಿ ಸೇರಿಸಿದರಾಯಿತು. ಪ್ರೋಗ್ರಾಮಿಂಗ್ ತಂತ್ರಾಂಶದ ಆವೃತ್ತಿಯೂ ಸೆಟ್ಟಿನ ಫರ್ಮ್‌ವೇರ್ ಆವೃತ್ತಿಯೂ ಜೋಡಿಯಾಗಿರಬೇಕು. ಒಂದನ್ನು ಬದಲಿಸಿ ಇನ್ನೊಂದನ್ನು ಬಿಟ್ಟರೆ ಅರ್ಧ ತೊಂದರೆ ಅಲ್ಲೇ ಹುಟ್ಟುತ್ತದೆ. ಕೇಬಲ್ ಸಿಕ್ಕಿಸಿ ಮೊದಲು ಸೆಟ್ಟಿನಲ್ಲಿರುವುದನ್ನು ಓದಿ, ಆ ಮೂಲ ಕಡತವನ್ನು ಬೇರೆ ಹೆಸರಲ್ಲಿ ಉಳಿಸಿ. ಕೆಟ್ಟರೆ ವಾಪಸ್ ಬರಲು ದಾರಿ ಅದೊಂದೇ.

ಆಮೇಲೆ ಐಡಿ ತುಂಬಿ, ಟಾಕ್‌ಗ್ರೂಪ್‌ಗಳನ್ನು (ಒಂದೊಂದು ಸಂಖ್ಯೆಯಡಿ ಸೇರಿ ಮಾತಾಡುವ ಗುಂಪುಗಳು) ಬರೆಯಿರಿ. ಬ್ರ್ಯಾಂಡ್‌ಮೈಸ್ಟರ್ ಎಂಬ ಡಿಎಂಆರ್ ಜಾಲಕ್ಕೆ 404 ಭಾರತದ್ದು, 91 ಇಡೀ ಲೋಕದ್ದು. ಗುಂಪು ಬಿಡಲು 4000, ನಿಮ್ಮ ದನಿಯನ್ನೇ ಮರಳಿ ಕೇಳಲು 9990. ಇವುಗಳಲ್ಲಿ 9990 ಅನ್ನು ಪ್ರೈವೇಟ್ ಕಾಲ್ (ಗುಂಪಿಗಲ್ಲದೆ ಒಂದೇ ಸಂಖ್ಯೆಗೆ ಹೋಗುವ ಕರೆ) ಎಂದು ಗುರುತಿಸಬೇಕು. ಆಮೇಲೆ ರಿಸೀವ್ ಗ್ರೂಪ್ ಪಟ್ಟಿ (ಕೇಳಬೇಕಾದ ಟಾಕ್‌ಗ್ರೂಪ್‌ಗಳು), ಆಮೇಲೆ ಚಾನೆಲ್, ಕೊನೆಗೆ ಝೋನ್ (ಚಾನೆಲ್‌ಗಳ ಗುಂಪು). ಸಿಂಪ್ಲೆಕ್ಸ್ ಹಾಟ್‌ಸ್ಪಾಟ್ ಚಾನೆಲ್‌ಗೆ ಕಳಿಸುವ, ಕೇಳುವ ಫ್ರೀಕ್ವೆನ್ಸಿ ಒಂದೇ. ಕಲರ್ ಕೋಡ್ (ಎರಡೂ ಕಡೆ ಒಂದೇ ಇರಬೇಕಾದ ಸಂಖ್ಯೆ) 1, ಸ್ಲಾಟ್ (ಡಿಎಂಆರ್‌ನ ಎರಡು ಸಮಯದ ಪಾಳಿಗಳಲ್ಲಿ ಒಂದು) 2, ಪ್ರಸಾರದ ಅನುಮತಿ 'ಯಾವಾಗಲೂ', ಶಕ್ತಿ ಕಡಿಮೆ.

ತಪ್ಪುಗಳು ಯಾವಾಗಲೂ ಅವೇ. ಚಾನೆಲ್ ಮಾಡಿ ಝೋನ್‌ಗೆ ಸೇರಿಸದಿದ್ದರೆ ಸೆಟ್ಟಿನಲ್ಲಿ ಅದು ಕಾಣಿಸುವುದೇ ಇಲ್ಲ. ರಿಸೀವ್ ಪಟ್ಟಿಯಲ್ಲಿ ಟಾಕ್‌ಗ್ರೂಪ್ ಇಲ್ಲದಿದ್ದರೆ ದೀಪ ಹತ್ತುತ್ತದೆ, ದನಿ ಬರುವುದಿಲ್ಲ. ಆಗ ಡಿಜಿಟಲ್ ಮಾನಿಟರ್ ಹಾಕಿ ನೋಡಿ. ದನಿ ಬಂದರೆ ಕೊರತೆ ಪಟ್ಟಿಯಲ್ಲೇ ಇದೆ. ಕಲರ್ ಕೋಡ್ ಒಂದು ಅಂಕೆ ಆಚೀಚೆಯಾದರೂ ರಿಪೀಟರ್ ನಿಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದು. ಎನ್‌ಕ್ರಿಪ್ಶನ್ ಆಯ್ಕೆ ಕಂಡರೆ ಮುಟ್ಟಬೇಡಿ. ಅರ್ಥ ಮುಚ್ಚಿಡುವ ಪ್ರಸಾರ ಹವ್ಯಾಸಿಗಳಿಗೆ ನಿಷಿದ್ಧ.

ಕರ್ನಾಟಕದ ಬಹುತೇಕ ಊರುಗಳಲ್ಲಿ ಡಿಜಿಟಲ್ ಎಂದರೆ ಮನೆಯ ಹಾಟ್‌ಸ್ಪಾಟ್ ಎಂದೇ ಆಗುತ್ತದೆ, ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರ್ ಮೇಲೆ ಎಂಎಂಡಿವಿಎಂ ಎಂಬ ರೇಡಿಯೋ ಹಲಗೆ ಕೂರಿಸಿ, ಪೈ-ಸ್ಟಾರ್ ತಂತ್ರಾಂಶ ಹಾಕಿದರೆ ಮೂರೂ ಮೋಡ್‌ಗೆ ಅದೇ ಪೆಟ್ಟಿಗೆ ನಡೆಯುತ್ತದೆ. ನಮ್ಮಲ್ಲಿ 70 ಸೆಂಟಿಮೀಟರ್ ಬ್ಯಾಂಡ್ ಇರುವುದು 434ರಿಂದ 438 ಮೆಗಾಹರ್ಟ್ಸ್. ಅದರಲ್ಲಿ 435ರ ಮೇಲಿನದ್ದು ಉಪಗ್ರಹಗಳ ಪಾಲು, ಅಲ್ಲಿ ಹಾಟ್‌ಸ್ಪಾಟ್ ಇಡಬಾರದು. ಉಳಿದ ಒಂದು ಮೆಗಾಹರ್ಟ್ಸ್‌ನಲ್ಲಿ ಊರಿನ ರಿಪೀಟರ್ ಜಾಗ ಬಿಟ್ಟು ಆರಿಸಿಕೊಳ್ಳಿ. ಹೊರದೇಶದವರು ಹಂಚುವ ಸಿದ್ಧ ಕೋಡ್‌ಪ್ಲಗ್‌ನಲ್ಲಿ 431, 439 ಎಲ್ಲ ಇರುತ್ತವೆ. ಹಾಗೇ ತುಂಬಿಕೊಂಡರೆ ಬ್ಯಾಂಡ್ ಆಚೆ ಪ್ರಸಾರ ಮಾಡಿದಂತೆ.

ಹಾಟ್‌ಸ್ಪಾಟ್ ಹಾಕಿದ ದಿನವೇ ದನಿ ಒಡೆದರೆ ಸೆಟ್ಟನ್ನು ಬೈಯಬೇಡಿ. ಹಲಗೆಯ ಸ್ಫಟಿಕ ಕೆಲವು ನೂರು ಹರ್ಟ್ಸ್ ಆಚೀಚೆ ಇರುವುದು ಸಾಮಾನ್ಯ. ಪಿಟಿಟಿ ಒತ್ತಿ ಹತ್ತು ಸೆಕೆಂಡ್ ಮಾತಾಡಿ, ಪೈ-ಸ್ಟಾರ್ ಪುಟದಲ್ಲಿ ಬಿಇಆರ್ (ತಪ್ಪಾಗಿ ಬಂದ ಬಿಟ್‌ಗಳ ಪ್ರಮಾಣ) ಶೇಕಡಾ ಎಷ್ಟು ಎಂದು ನೋಡಿ. ಆರ್‌ಎಕ್ಸ್ ಆಫ್‌ಸೆಟ್ (ಕೇಳುವ ಫ್ರೀಕ್ವೆನ್ಸಿಯ ತಿದ್ದುಪಡಿ) ಅನ್ನು 100 ಹರ್ಟ್ಸ್ ಏರಿಸಿ ಮತ್ತೆ ನೋಡಿ. ಶೇಕಡಾ ಕಡಿಮೆಯಾದರೆ ಅದೇ ದಿಕ್ಕಿನಲ್ಲಿ ಮುಂದುವರಿಯಿರಿ, ಹೆಚ್ಚಾದರೆ ತಿರುಗಿ ಬನ್ನಿ. ಕೊನೆಗೆ 50ರ ಹೆಜ್ಜೆಯಲ್ಲಿ ಸಣ್ಣಗೆ ಹೊಂದಿಸಿ. ಶೇಕಡಾ 1ಕ್ಕಿಂತ ಕೆಳಗೆ ಬಂದರೆ ಚೆನ್ನಾಗಿದೆ. ಅದೇ ಸಂಖ್ಯೆಯನ್ನು ಟಿಎಕ್ಸ್ (ಕಳಿಸುವ) ಆಫ್‌ಸೆಟ್‌ಗೂ ಹಾಕಿ. ಸೆಟ್ಟು ಹಾಟ್‌ಸ್ಪಾಟ್‌ನಿಂದ ಎರಡು ಮೀಟರ್ ದೂರ ಇರಲಿ. ಎನಿಟೋನ್‌ನ ಅತಿ ಕಡಿಮೆ ಶಕ್ತಿಯೇ 1 ವಾಟ್, ಎಫ್‌ಟಿ-70ಡಿಯದು 0.5, ಐಡಿ-52ರದು 0.1. ಒಂದೇ ಕೋಣೆಯಲ್ಲಿ ಬಳಸುವವರಿಗೆ ಐಕಾಮ್‌ನ ಈ 0.1 ನಿಜಕ್ಕೂ ಉಪಯೋಗ.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಡಿಎಂಆರ್ ಮತ್ತು ಫ್ಯೂಶನ್‌ನ ಡಿಎನ್ ಮೋಡ್ ದನಿಯನ್ನು ಅಂಕಿಗೆ ಇಳಿಸುವುದು ಒಂದೇ ಬಗೆಯಲ್ಲಿ. ಹಾಗಾಗಿ ಎಫ್‌ಟಿ-70ಡಿ ಇಟ್ಟುಕೊಂಡವರೂ ಹಾಟ್‌ಸ್ಪಾಟ್‌ನ ಕ್ರಾಸ್ ಮೋಡ್ (ಒಂದು ಮೋಡನ್ನು ಇನ್ನೊಂದಕ್ಕೆ ಬದಲಿಸುವ ಸೌಲಭ್ಯ) ಮೂಲಕ ಡಿಎಂಆರ್ ಟಾಕ್‌ಗ್ರೂಪ್‌ಗೆ ಹೋಗಬಹುದು. ಡಿ-ಸ್ಟಾರ್ ಬಳಸುವುದು ಹಳೆಯ ಕೊಡೆಕ್ (ದನಿಯನ್ನು ಅಂಕಿಗೆ ಇಳಿಸುವ ಬಗೆ), ಅದನ್ನು ಬದಲಿಸಲು ಬೇರೆ ಚಿಪ್ ಬೇಕು. ಡಿಎಂಆರ್ ಗೆಳೆಯರೇ ಹೆಚ್ಚಿರುವ ಊರಿನಲ್ಲಿ ಐಡಿ-52 ಕೊಂಡರೆ ಒಂಟಿಯಾಗುವ ಸಂಭವ ಇದೆ.

ದನಿಯ ವಿಷಯದಲ್ಲಿ ಮೂರಕ್ಕೂ ಇರುವ ಕೊರತೆ ಒಂದೇ ಥರದ್ದು. ಕುಕ್ಕರ್ ಸೀಟಿ, ಆಟೋ ಸದ್ದು, ಗಾಳಿ ಇದ್ದರೆ ಕೊಡೆಕ್ ಅದನ್ನೂ ಮಾತೆಂದೇ ತಿಳಿದು ಎರಡನ್ನೂ ಕೆಡಿಸುತ್ತದೆ. ಮೈಕ್ ಬಾಯಿಯಿಂದ ನಾಲ್ಕು ಬೆರಳಗಲ ದೂರ ಇಟ್ಟು, ಸಹಜವಾಗಿ ಮಾತಾಡಿ. ಎತ್ತರದ ಸ್ವರಗಳು ಕತ್ತರಿಸಿ ಹೋಗುವುದರಿಂದ ಸ, ಶ, ಫ ಒಂದರ ಹಾಗೆ ಇನ್ನೊಂದು ಕೇಳಿಸುತ್ತವೆ. ಕಾಲ್‌ಸೈನ್ ಹೇಳುವಾಗ ಸಿಯೆರಾ, ಫಾಕ್ಸ್‌ಟ್ರಾಟ್ ಎಂದೇ ಹೇಳಿ. ಪಿಟಿಟಿ ಒತ್ತಿದ ಮೇಲೆ ಒಂದು ಸೆಕೆಂಡ್ ತಡೆಯದಿದ್ದರೆ ಮೊದಲ ಪದ ಜಾಲದಲ್ಲೇ ಉಳಿಯುತ್ತದೆ.

ಬ್ಯಾಟರಿಯಲ್ಲಿ ಎನಿಟೋನ್ ಮುಂದು: 3100 ಎಂಎಎಚ್, ಎಫ್‌ಟಿ-70ಡಿಗೆ 1800. ಮೇಲಾಗಿ ಡಿಎಂಆರ್ ಪ್ರಸಾರಕ್ಕೆ 30 ಮಿಲಿಸೆಕೆಂಡ್ ಕೆಲಸವಾದರೆ 30 ಮಿಲಿಸೆಕೆಂಡ್ ವಿಶ್ರಾಂತಿ, ಹಾಗಾಗಿ ಹೆಚ್ಚು ಮಾತಾಡುವವರಿಗೆ ಅದು ಎದ್ದು ಕಾಣುತ್ತದೆ. ಮಳೆಗಾಲದ ಮಲೆನಾಡಿಗೆ ಐಡಿ-52 ಸರಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆಯುವ ದರ್ಜೆಯದು. ಎಫ್‌ಟಿ-70ಡಿ ತುಂತುರು ತಡೆಯುತ್ತದೆ, ಮುಳುಗಿದರೆ ಇಲ್ಲ.

ಗುಡ್ಡ ಹತ್ತಿ ಸಿಂಪ್ಲೆಕ್ಸ್ (ರಿಪೀಟರ್ ಇಲ್ಲದೆ ಸೆಟ್ಟಿನಿಂದ ಸೆಟ್ಟಿಗೆ ನೇರ ಮಾತು) ಆಡುವವರಿಗೆ ಎಫ್‌ಟಿ-70ಡಿಯೇ ಸಾಕು, ಅದೂ ಎಫ್‌ಎಂನಲ್ಲಿ. ಸಿಗ್ನಲ್ ಕುಗ್ಗಿದಂತೆ ಎಫ್‌ಎಂ ಸುಯ್ಯೆಂದು ಮುನ್ಸೂಚನೆ ಕೊಡುತ್ತದೆ, ಅಷ್ಟರಲ್ಲಿ ಎರಡು ಹೆಜ್ಜೆ ಸರಿದು ನಿಲ್ಲಬಹುದು. ಡಿಜಿಟಲ್ ಕೊನೆತನಕ ಸ್ವಚ್ಛವಾಗಿದ್ದು ಥಟ್ಟನೆ ಗರಗರ ಎಂದು ಸತ್ತುಹೋಗುತ್ತದೆ. ಊರಿನಲ್ಲಿ ರಿಪೀಟರ್ ಇಲ್ಲದೆ, ಹಾಟ್‌ಸ್ಪಾಟ್ ನೆಚ್ಚಿಕೊಂಡು, ಕಂಪ್ಯೂಟರ್ ಮುಂದೆ ಒಂದು ಸಂಜೆ ಕೂರಲು ಬೇಸರ ಇಲ್ಲದವರು ಎನಿಟೋನ್ ತೆಗೆದುಕೊಳ್ಳಲಿ.

ಉದ್ದನೆ ಆಂಟೆನಾ ಕೊಳ್ಳುವಾಗ ಬುಡ ನೋಡಿ. ಎನಿಟೋನ್‌ಗೆ ಎಸ್‌ಎಂಎ (ತಿರುಗಿಸಿ ಸಿಕ್ಕಿಸುವ ಚಿಕ್ಕ ಕನೆಕ್ಟರ್) ಫೀಮೇಲ್ ಬುಡದ ಆಂಟೆನಾ, ಯಾಯೆಸು ಮತ್ತು ಐಕಾಮ್‌ಗೆ ಎಸ್‌ಎಂಎ ಮೇಲ್. ತಪ್ಪು ತಂದರೆ ಅಡಾಪ್ಟರ್ ಹಾಕಬೇಕಾಗುತ್ತದೆ, ಸೆಟ್ ಒಮ್ಮೆ ಬಿದ್ದರೆ ಸಾಕು, ಆ ಅಡಾಪ್ಟರ್ ಸನ್ನೆಗೋಲಿನಂತೆ ತಿರುಚಿ ಕನೆಕ್ಟರನ್ನೇ ಕಿತ್ತು ಹಾಕುತ್ತದೆ.