ಚಿತ್ರಕಾರರ ರೆಸಿನ್ ಕುದುರೆ: ವರ್ಷಗಟ್ಟಲೆ ಬಳಸಿದ ಮೇಲೆ

ಪ್ರಾಣಿಗಳ ಚಿತ್ರ ಬರೆಯುವವರಿಗೆಂದೇ ರೆಸಿನ್ ಎಂಬ ಗಟ್ಟಿ ಪ್ಲಾಸ್ಟಿಕ್‌ನಂಥ ವಸ್ತುವಿನಲ್ಲಿ ಮಾಡಿದ ಕುದುರೆಯ ಅಂಗರಚನಾ ಮಾದರಿ ಇದು. ಒಂದು ಪಕ್ಕದಲ್ಲಿ ಚರ್ಮ ಸುಲಿದಂತೆ ಸ್ನಾಯುಗಳು, ಇನ್ನೊಂದು ಪಕ್ಕದಲ್ಲಿ ಬರೀ ಮೂಳೆ. ಕೊಂಡು ವರ್ಷಗಳಾದರೂ ನಾಲ್ಕು ಕಾಲಿನ ಯಾವ ಪ್ರಾಣಿ ಬರೆಯಲು ಕೂತರೂ ಮೊದಲು ಇದನ್ನೊಮ್ಮೆ ತಿರುಗಿಸಿ ನೋಡುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗಿದ್ದು ಮುಂಗಾಲಿನ ವಿಷಯದಲ್ಲಿ. ಕುದುರೆಗೆ ಕಾಲರ್ ಬೋನ್ ಇಲ್ಲ. ಹೆಗಲ ಮೂಳೆ ಎದೆಗೂಡಿಗೆ ಕೀಲಿನಿಂದ ಕೂಡಿಕೊಂಡಿಲ್ಲ. ಎರಡು ಹೆಗಲುಗಳ ನಡುವೆ ಎದೆಗೂಡು ಸ್ನಾಯುಗಳ ಜೋಲಿಯಲ್ಲಿ ತೂಗುತ್ತದೆ. ಓದಿದರೆ ಇದು ಒಂದು ಸಾಲು, ಅಷ್ಟೇ. ಮಾದರಿಯನ್ನು ಎದುರಿನಿಂದ ಹಿಡಿದು ನೋಡಿದರೆ ಹೆಗಲ ಮೂಳೆಗೂ ಪಕ್ಕೆಲುಬಿಗೂ ನಡುವೆ ತೆಳುವಾದ ಸಂದು ಕಾಣುತ್ತದೆ, ಬೀಳದಿರಲೆಂದು ತಯಾರಕರು ಕೊಟ್ಟ ಒಂದು ಸಣ್ಣ ಬೆಣೆಯ ಹೊರತು ಅಲ್ಲಿ ಏನೂ ಇಲ್ಲ. ಕುದುರೆ ಕಾಲು ಮುಂದಕ್ಕೆ ಚಾಚಿದಾಗ ಹೆಗಲ ಮೂಳೆಯೂ ಜೊತೆಗೇ ವಾಲುತ್ತದೆ ಎಂಬುದು ಆ ಸಂದನ್ನು ಕಂಡ ಮೇಲೆ ಮರೆಯುವುದಿಲ್ಲ. ಓಡುವ ಕುದುರೆ ಬರೆಯುವಾಗ ಈಗ ಗೆರೆ ಶುರುವಾಗುವುದೇ ಹೆಗಲಿನ ಮೇಲಂಚಿನಿಂದ.

ಕೀಲುಗಳ ಲೆಕ್ಕವೂ ಹೀಗೆಯೇ ತಿಳಿಯಾಗುತ್ತದೆ. ಮುಂಗಾಲಿನ ನಡುವೆ ಮಡಚುವುದು ನಮ್ಮ ಮಣಿಕಟ್ಟಿಗೆ ಸಮ, ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಚಾಚಿರುವುದು ಹಿಮ್ಮಡಿ. ಮೊಣಕೈ ಎದೆಯ ಕೆಳಗಂಚಿಗೆ ಒತ್ತಿಕೊಂಡಿದೆ. ಗೊರಸಿನೊಳಗೆ ಇರುವುದು ಒಂದೇ ಬೆರಳಿನ ತುದಿ. ಇಷ್ಟು ಮನಸ್ಸಿನಲ್ಲಿ ಕೂತರೆ ಬೆರಳೂರಿ ನಡೆಯುವ ನಾಯಿಯೂ ಅಂಗಾಲು ಪೂರ್ತಿ ಊರುವ ಕರಡಿಯೂ ಕೈಗೆ ಒಗ್ಗುತ್ತವೆ. ಕೀಲುಗಳು ಅವೇ, ಉದ್ದ ಮತ್ತು ಕೋನ ಮಾತ್ರ ಬೇರೆ. ಕತ್ತಿನ 7 ಮೂಳೆಗಳು ಕೇಸರದ ಗುಂಟ ಹೋಗದೆ ಬುಡದ ಹತ್ತಿರ ಎಷ್ಟು ಕೆಳಗೆ ಇಳಿಯುತ್ತವೆ ಎಂಬುದನ್ನೂ ಮಾದರಿ ಸೊಗಸಾಗಿ ತೋರಿಸುತ್ತದೆ. ಪಕ್ಕೆಲುಬು ಎಣಿಸಿ ನೋಡಿದೆ, ಇರಬೇಕಾದ 18 ಜೊತೆಯ ಲೆಕ್ಕಕ್ಕೆ ಸರಿಯಾಗಿದೆ.

ಕೊರತೆ ಇರುವುದು ಕಾಲಿನ ಕೆಳಭಾಗದಲ್ಲಿ. ಮಣಿಕಟ್ಟಿನಿಂದ ಕೆಳಗೆ ಕುದುರೆಗೆ ದಪ್ಪ ಸ್ನಾಯುಗಳಿಲ್ಲ, ಮೂಳೆ ಮತ್ತು ಸ್ನಾಯುರಜ್ಜುಗಳೇ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳು). ನಿಜವಾದ ಕಾಲಿನಲ್ಲಿ ಅವೆರಡರ ನಡುವೆ ಉದ್ದಕ್ಕೂ ಒಂದು ತಗ್ಗು ಕಾಣುತ್ತದೆ. ಈ ಮಾದರಿಯಲ್ಲಿ ಎರಡನ್ನೂ ಸೇರಿಸಿ ಕೋಲಿನಂತೆ ದುಂಡಗೆ ಮಾಡಿಬಿಟ್ಟಿದ್ದಾರೆ. ಇಷ್ಟು ಬೆಲೆಯ ವಸ್ತುವಿನಲ್ಲಿ ಇದು ಒಪ್ಪುವಂಥದ್ದಲ್ಲ. ಮೈಯ ಹೊಳಪು ಬಣ್ಣವೂ ದೀಪದಡಿ ಕಣ್ಣು ಕುಕ್ಕಿ ಉಬ್ಬುತಗ್ಗುಗಳನ್ನು ಮರೆಮಾಡುತ್ತದೆ.

ನಿಂತ ಭಂಗಿಯಾದ್ದರಿಂದ ಚಲನೆಗೆ ಫೋಟೋಗಳು ಬೇಕೇ ಬೇಕು. ನಾಗಾಲೋಟದಲ್ಲಿ ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಕೂಡಿದಾಗ ಎಂದು 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ತೆಗೆದ ಚಿತ್ರಗಳು ತೋರಿಸಿದವು. ಅಂಥ ಒಂದು ಫೋಟೋದ ಮೇಲೆ ಪಾರದರ್ಶಕ ಕಾಗದ ಹಾಸಿ, ಮಾದರಿ ನೋಡುತ್ತಾ ಒಳಗಿನ ಮೂಳೆಗಳನ್ನು ಗುರುತಿಸುವುದು ನನಗೆ ತುಂಬಾ ಇಷ್ಟವಾದ ಅಭ್ಯಾಸ. ಸ್ನಾಯುಗಳನ್ನು ಮಾತ್ರ ಇದ್ದ ಹಾಗೇ ನಕಲು ಮಾಡಬೇಡಿ, ಚರ್ಮ ಮತ್ತು ಕೊಬ್ಬು ಅವುಗಳಲ್ಲಿ ಬಹಳಷ್ಟನ್ನು ಮುಚ್ಚಿರುತ್ತವೆ. ಎರಡೂ ಪಕ್ಕ ಸ್ನಾಯುಗಳೇ ಇರುವ ಮಾದರಿಯೂ ಸಿಗುತ್ತದೆ. ನನ್ನನ್ನು ಕೇಳಿದರೆ ಅದು ಬೇಡ, ಅರ್ಧ ಮೂಳೆ ಇರುವುದನ್ನೇ ತೆಗೆದುಕೊಳ್ಳಿ.