ಒಂದೇ ಸೊಪ್ಪಿನ ರಸ, ಮೂರು ಎಣ್ಣೆ

ಅತ್ತೆಯವರ ತವರು ಮುಂಡಗೋಡ ಕಡೆ. ತಲೆಗೆ ಎಳ್ಳೆಣ್ಣೆಯೇ ಆಗಬೇಕು ಎನ್ನುವವರು. ನಾನು ಕುಮಟೆಯವಳು, ಕೊಬ್ಬರಿ ಎಣ್ಣೆ ಬಿಟ್ಟರೆ ಉಳಿದದ್ದು ಎಣ್ಣೆಯೇ ಅಲ್ಲ ಎಂದುಕೊಂಡು ಬೆಳೆದವಳು. ಶಿರಸಿಯ ಈ ಮನೆಯಲ್ಲಿ ಪ್ರತಿ ದೀಪಾವಳಿಯ ಮುಂದೆ ಇದೇ ತಕರಾರು. ಕಳೆದ ವರ್ಷ ಎರಡನ್ನೂ ಒಂದೇ ದಿನ ಕಾಯಿಸಿ ನೋಡಿಯೇ ಬಿಡೋಣ ಎಂದೆ. ನಾಗಂದಿಗೆಯ ಮೇಲಿದ್ದ ಮುರುಗಲು ತುಪ್ಪದ, ಅಂದರೆ ಕೋಕಂ ಬೀಜದಿಂದ ತೆಗೆದ ಗಟ್ಟಿ ಎಣ್ಣೆಯ, ಉಂಡೆಯನ್ನೂ ಇಳಿಸಿದೆ.

ತೋಟದ ಕಾಲುವೆಯಂಚಿನ ಒಂದೆಲಗ ಮತ್ತು ಗರುಗದ ಸೊಪ್ಪನ್ನು ಅರೆದು ಹಿಂಡಿ, ಅರ್ಧ ಲೀಟರ್ ಎಣ್ಣೆಗೆ ಅಷ್ಟೇ ರಸ ಹಾಕಿ, ಸಣ್ಣ ಉರಿಯಲ್ಲಿಟ್ಟೆ.

ಕಾಯಿಸುವವರಿಗೆ ಕೊಬ್ಬರಿ ಎಣ್ಣೆಯಷ್ಟು ಸಲೀಸಾದದ್ದು ಬೇರೆ ಇಲ್ಲ. ತಿಳಿಯಾದ ಎಣ್ಣೆ, ಹಸಿರು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಎಳ್ಳೆಣ್ಣೆಗೆ ಮೊದಲೇ ಹೊಂಬಣ್ಣ. ಅಲ್ಲಿ ಕಿವಿಯನ್ನೇ ನಂಬಬೇಕು. ಗುಳುಗುಳು ಸದ್ದು ನಿಂತು, ಎಣ್ಣೆಯ ಮೇಲೆ ನೊರೆ ಏಳುವಾಗ ಅತ್ತೆ ತಳದ ಗಸಿಯನ್ನು ಬತ್ತಿಗೆ ಬಳಿದು ದೀಪಕ್ಕೆ ಹಿಡಿದರು. ಚಿಟಚಿಟ ಎಂದರೆ ಒಳಗೆ ಇನ್ನೂ ನೀರಿದೆ. ಅವರದು ತಣ್ಣಗೆ ಉರಿಯಿತು. ನನ್ನದು ಒಂದೆರಡು ಸಲ ಸಿಡಿಯಿತು, ಆದರೂ ಸಾಕೆಂದು ಇಳಿಸಿದೆ.

ಮುರುಗಲು ತುಪ್ಪದ ಕಥೆ ಬೇರೆ. ಅದು ಕರಗಲು 40 ಡಿಗ್ರಿಯ ಹತ್ತಿರ ಬಿಸಿ ಬೇಕು. ಕೈ ಸುಡುತ್ತದೆಂದು ಸ್ವಲ್ಪ ಆರಿಸಿ ಸೋಸಲು ಹೋದೆ. ಅರ್ಧ ಇಳಿಯುವಷ್ಟರಲ್ಲಿ ಬಟ್ಟೆ ಮೇಣದ ಹಾಗೆ ಸೆಟೆದು ನಿಂತಿತು. ಉಳಿದದ್ದನ್ನು ಬಟ್ಟೆಯ ಸಮೇತ ಮತ್ತೆ ಒಲೆಗಿಟ್ಟು ಹಿಂಡಬೇಕಾಯಿತು. ಕೂದಲಿಗೆ ಅದು ಬೇಡವೇ ಬೇಡ, ಅಂಟಿಕೊಂಡು ಜಟೆಯಾಗುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ತಿಕ್ಕಿ ಮಲಗಿದರೆ ಅದಕ್ಕೆ ಸಾಟಿಯಿಲ್ಲ; ಹಾಗಾದರೆ ಸೊಪ್ಪಿನ ರಸದ ದಂಡವೇಕೆ, ಬರೀ ತುಪ್ಪವೇ ಸಾಕು. ಹರಳೆಣ್ಣೆಯನ್ನು ಹಿಂದೊಮ್ಮೆ ನೋಡಿದ್ದೆ: ಎರಡು ಪಟ್ಟು ಸೀಗೆಪುಡಿ ಹಾಕಿದರೂ ಬಿಡುವುದಿಲ್ಲ.

ಚಳಿ ಬಂತು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಶಿರಸಿಯಲ್ಲಿ ಬೆಳಗಿನ ಹೊತ್ತು ಬಾಟಲಿಯನ್ನು ತಲೆಕೆಳಗು ಮಾಡಿದರೂ ತೊಟ್ಟು ಬೀಳಲಿಲ್ಲ, ಹೇರ್‌ಪಿನ್ನಿನಿಂದ ಕೆದಕಿ ತೆಗೆದೆ. ಅದೇ ಎಣ್ಣೆಯನ್ನು ಕಾರವಾರದ ಅತ್ತಿಗೆಗೂ ಕಳಿಸಿದ್ದೆ. ಅವರಲ್ಲಿ ನಸುಕಿಗೆ ಕೊಂಚ ಮಂದವಾದರೂ ಹೊತ್ತೇರುವಾಗ ತಾನಾಗಿ ಕರಗುತ್ತಿತ್ತಂತೆ. ಎಳ್ಳೆಣ್ಣೆಗೆ ಈ ಗೋಳೇ ಇಲ್ಲ. ಅದರ ತೊಂದರೆ ವಾಸನೆ: ಮಗಳು ಹಚ್ಚಿಕೊಂಡು ಕಾಲೇಜಿಗೆ ಹೋಗಲು ಸುತಾರಾಂ ಒಪ್ಪಲಿಲ್ಲ. ಅಂದ ಹಾಗೆ, ದೀಪದ ಎಣ್ಣೆ ಎಂದು ಬರೆದ ಅಗ್ಗದ ಬಾಟಲಿಯನ್ನು ಇದಕ್ಕೆ ತರಬೇಡಿ. ಮೊದಲ ಸಲ ನಾನು ಪೇಟೆಯಿಂದ ತಂದದ್ದು ಅದೇ. ಬೇರೆ ಎಣ್ಣೆಗಳನ್ನು ಬೆರೆಸಿದ್ದೆಂದು ಲೇಬಲ್ಲಿನಲ್ಲೇ ಸಣ್ಣಕ್ಷರದಲ್ಲಿತ್ತು.

ಆಷಾಢದ ಮಳೆಯಲ್ಲಿ ನನ್ನ ಬಾಟಲಿಗೆ ಕಮಟು ಹಿಡಿಯಿತು, ಅತ್ತೆಯವರದು ಇಂದಿಗೂ ಚೆನ್ನಾಗಿದೆ. ಎಳ್ಳಿನಲ್ಲಿರುವ ಸೆಸಮಾಲ್ ಎಂಬ ಅಂಶ ಎಣ್ಣೆಯನ್ನು ಬೇಗ ಹಳಸಲು ಬಿಡುವುದಿಲ್ಲ, ನಿಜ. ಹಾಗೆಂದು ಕೊಬ್ಬರಿ ಎಣ್ಣೆ ಸುಲಭಕ್ಕೆ ಕೆಡುವ ಜಾತಿಯದ್ದೇನೂ ಅಲ್ಲ. ಕೆಡಿಸಿದ್ದು ಅವಸರದಲ್ಲಿ ಇಳಿಸಿದ ನಾನು, ಒಳಗೆ ಉಳಿದ ನೀರು.

ಈ ಸಲ ಮೂರು ಪಾಲು ಕೊಬ್ಬರಿ ಎಣ್ಣೆಗೆ ಒಂದು ಪಾಲು ಎಳ್ಳೆಣ್ಣೆ ಬೆರೆಸಿ ಕಾಯಿಸಿದ್ದೇನೆ. ಚಳಿಯ ಬೆಳಗಿನಲ್ಲಿ ಬೆಣ್ಣೆಯ ಹಾಗೆ ಮೆತ್ತಗೆ ನಿಲ್ಲುತ್ತದೆ, ಬೆರಳಿಗೆ ಬರುತ್ತದೆ. ಮಗಳು ಮೂಗು ಮುರಿಯಲಿಲ್ಲ. ಬತ್ತಿ ಹಿಡಿದು ನೋಡುವ ಕೆಲಸವನ್ನು ಮಾತ್ರ ಅತ್ತೆ ನನಗೆ ಬಿಟ್ಟುಕೊಟ್ಟಿಲ್ಲ.