ನ್ಯೂ ಮೆಕ್ಸಿಕೊದಲ್ಲಿ ನೀರಿನ ಬಗ್ಗೆ ಓದಲು ಮೂರು ಊರು: ನನ್ನ ಓಟು ಸೊಕೊರೊಗೆ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಅಂತರ್ಜಲ, ನದಿ, ನೀರಾವರಿ ಅಂತ ಮಾಸ್ಟರ್ಸ್ ಮಾಡಲು ಹೊರಟರೆ ಮೂರು ಊರು ಎದುರಿಗೆ ಬರುತ್ತವೆ. ಆಲ್ಬುಕರ್ಕಿಯಲ್ಲಿ ಯೂನಿವರ್ಸಿಟಿ ಆಫ್ ನ್ಯೂ ಮೆಕ್ಸಿಕೊ, ಸೊಕೊರೊದಲ್ಲಿ ನ್ಯೂ ಮೆಕ್ಸಿಕೊ ಟೆಕ್, ದಕ್ಷಿಣದ ತುದಿಗೆ ಲಾಸ್ ಕ್ರೂಸಸ್‌ನಲ್ಲಿ ನ್ಯೂ ಮೆಕ್ಸಿಕೊ ಸ್ಟೇಟ್. ಮೂರೂ ರಿಯೋ ಗ್ರಾಂಡೆ ನದಿಯ ದಂಡೆಯ ಊರುಗಳೇ. ನಾನು ಮಾಸ್ಟರ್ಸ್ ಮಾಡಿದ್ದು ಸೊಕೊರೊದಲ್ಲಿ. ಈಗ ಪಿಎಚ್‌ಡಿ ಆಲ್ಬುಕರ್ಕಿಯಲ್ಲಿ. ನಡುವೆ ಒಂದು ಬೇಸಿಗೆ ಲಾಸ್ ಕ್ರೂಸಸ್ ಪಕ್ಕದ ಪೆಕನ್ (ಅಕ್ರೋಟಿನಂಥ ಒಂದು ಬೀಜ) ತೋಟಗಳಲ್ಲಿ ನೀರು ಅಳೆಯುವ ಕೆಲಸ ಮಾಡಿದೆ. ರ್‍ಯಾಂಕಿಂಗ್, ಜಿಆರ್‌ಇ, ಟೋಫೆಲ್ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದೆಲ್ಲಾ ಎಲ್ಲಿ ಬೇಕಾದರೂ ಸಿಗುತ್ತದೆ.

ಸೊಕೊರೊ ಯಾಕೆ ಇಷ್ಟ ಅಂದರೆ, ರಾಜ್ಯದ ಭೂವಿಜ್ಞಾನ ಬ್ಯೂರೋ ಇರುವುದೇ ಆ ಕ್ಯಾಂಪಸ್ಸಿನಲ್ಲಿ. ರಾಜ್ಯದ ಕಲ್ಲು, ಮಣ್ಣು, ಅಂತರ್ಜಲದ ನಕ್ಷೆ ಮಾಡುವವರು ನಿಮ್ಮ ತರಗತಿಯಿಂದ ನಡೆದು ಹೋಗುವಷ್ಟು ಹತ್ತಿರ ಕೂತಿರುತ್ತಾರೆ. ಒಂದು ಬೋರ್‌ವೆಲ್ಲಿನ ಹಳೇ ಅಳತೆ ಬೇಕಾದರೆ ಇಮೇಲ್ ಕಳಿಸಿ ಕಾಯಬೇಕಿಲ್ಲ, ಹೋಗಿ ಬಾಗಿಲು ತಟ್ಟಿದರಾಯಿತು. ಊರಿನ ಜನಸಂಖ್ಯೆ ಹತ್ತು ಸಾವಿರವೂ ಇಲ್ಲ. ಬಾಡಿಗೆ ಕಡಿಮೆ. ಸಂಜೆ ಮಾಡಲು ಏನೂ ಇಲ್ಲ, ಹಾಗಾಗಿ ಥೀಸಿಸ್ ಮುಗಿಯುತ್ತದೆ! ಪಶ್ಚಿಮಕ್ಕೆ 80 ಕಿ.ಮೀ. ಹೋದರೆ ಬಯಲಿನಲ್ಲಿ ವೆರಿ ಲಾರ್ಜ್ ಅರೇ ಎಂಬ ರೇಡಿಯೋ ದೂರದರ್ಶಕ, ತಲಾ 25 ಮೀಟರ್ ಅಗಲದ 27 ರೇಡಿಯೋ ಡಿಶ್‌ಗಳು. ಬೆಟ್ಟದ ಮೇಲೆ ಸಿಡಿಲಿನ ಬಗ್ಗೆ ಸಂಶೋಧನೆ ಮಾಡುವ ಲ್ಯಾಂಗ್ಮಿಯರ್ ಪ್ರಯೋಗಾಲಯ. ನನ್ನ ವಿಷಯಕ್ಕೂ ಇವಕ್ಕೂ ಸಂಬಂಧ ಇಲ್ಲ, ಆದರೆ ಊಟದ ಮೇಜಿನಲ್ಲಿ ಸಿಡಿಲು ಓದುವವರ ಜೊತೆ ಮಾತಾಡೋದು ಸುಮ್ನೆ ಖುಷಿ.

ಸೊಕೊರೊದ ಒಂದೇ ಒಂದು ತಲೆನೋವು ಕಾರು. ಊರೊಳಗೆ ಸೈಕಲ್ ಸಾಕು. ಊರ ಹೊರಗೆ ಕಾಲಿಟ್ಟರೆ ಕಾರಿಲ್ಲದೆ ಕಷ್ಟ. ಸಾಂಟಾ ಫೆಯಿಂದ ಆಲ್ಬುಕರ್ಕಿ ಮೂಲಕ ಬರುವ ರೈಲ್ ರನ್ನರ್ ಎಂಬ ರೈಲು ಬೆಲೆನ್‌ನಲ್ಲೇ ನಿಂತುಹೋಗುತ್ತದೆ, ಸೊಕೊರೊಗೆ ಇನ್ನೂ ಸುಮಾರು 65 ಕಿ.ಮೀ. ಇರುವಾಗ. ವಿಮಾನ ನಿಲ್ದಾಣ ಇರುವುದು 120 ಕಿ.ಮೀ. ಆಚೆ ಆಲ್ಬುಕರ್ಕಿಯಲ್ಲಿ. ತೊಗರಿಬೇಳೆ, ಕರಿಬೇವು ಬೇಕೆಂದರೂ ಅಲ್ಲಿಗೇ ಹೋಗಬೇಕು.

ನಾವು ಮನೆಯಲ್ಲಿದ್ದ ಮೂವರು ದುಡ್ಡು ಹಾಕಿ ಒಂದು ಹಳೇ ಕಾರು ತಗೊಂಡೆವು. ಮಾರಿದವರು ಎಸಿ ಚೆನ್ನಾಗಿದೆ ಎಂದರು. ಚೆನ್ನಾಗೇ ಇತ್ತು, ಬೇಸಿಗೆ ಬರುವವರೆಗೆ. ಅದಕ್ಕಿಂತ ದೊಡ್ಡ ಗೋಳು ಕಾಗದದ್ದು. ಕಾರಿನ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ನನ್ನ ಹೆಸರಿಗೆ. ಆದರೆ ಮನೆಯಲ್ಲಿ ಯಾರ್‍ಯಾರು ಗಾಡಿ ಓಡಿಸುತ್ತಾರೋ ಎಲ್ಲರ ಹೆಸರೂ ಇನ್ಶೂರೆನ್ಸ್‌ಗೆ ಸೇರಿಸಬೇಕಾಯಿತು. ಭಾರತದಲ್ಲಿ ಎಷ್ಟು ವರ್ಷ ಓಡಿಸಿದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ. ನಾವು ಮೂವರೂ ಹೊಸಬರು, ಪ್ರೀಮಿಯಂ ಏರಿತು. ಬಾಡಿಗೆಯಲ್ಲಿ ಉಳಿಸಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು.

ಶನಿವಾರ ಬಂತೆಂದರೆ ಇನ್ನೊಂದು ಲೆಕ್ಕ. ಪೆಟ್ರೋಲ್ ಯಾರದ್ದು, ಓಡಿಸೋದು ಯಾರು, ಟೈರಿಗೆ ಗಾಳಿ ಕಡಿಮೆ ಇದ್ದದ್ದನ್ನು ಯಾರು ನೋಡಲಿಲ್ಲ. ಕೊನೆಗೆ ಆಲ್ಬುಕರ್ಕಿಗೆ ಬರುವಾಗ ಉಳಿದಿಬ್ಬರ ಪಾಲು ಕೊಟ್ಟು ಕಾರನ್ನು ನಾನೇ ಇಟ್ಟುಕೊಂಡೆ. ಆಗ ಗೊತ್ತಾಗಿದ್ದು, ಆಲ್ಬುಕರ್ಕಿ ಸೇರಿದ ಬರ್ನಲಿಯೊ ಕೌಂಟಿಯಲ್ಲಿ ಗಾಡಿಗೆ ಹೊಗೆ ಪರೀಕ್ಷೆ ಕಡ್ಡಾಯ ಅಂತ. ನಮ್ಮ ಕಾರು ಮೊದಲ ಸಲ ಫೇಲ್. ರಿಪೇರಿಯ ಬಿಲ್ಲು ಆ ತಿಂಗಳ ದಿನಸಿಗಿಂತ ಜಾಸ್ತಿ ಬಂತು.

ಇಷ್ಟಾದರೂ ನನಗೆ ಸೊಕೊರೊನೇ. ಮೊದಲ ವರ್ಷ ಕಾರು ತಗೋಬೇಡಿ, ಸೀನಿಯರ್‌ಗಳ ಜೊತೆ ಹೋಗಿಬನ್ನಿ, ಪೆಟ್ರೋಲಿಗೆ ಕೈಬಿಚ್ಚಿ ಕೊಡಿ. ಅಷ್ಟು ಮಾಡಿದರೆ ಮುಕ್ಕಾಲು ತಲೆನೋವು ಹೋಗುತ್ತದೆ.

ಆಲ್ಬುಕರ್ಕಿಯಲ್ಲಿ ಈ ಸಮಸ್ಯೆಯೇ ಇಲ್ಲ. 2022ರಿಂದ ಊರ ಬಸ್ಸು ಎಲ್ಲರಿಗೂ ಉಚಿತ. ಸೆಂಟ್ರಲ್ ಅವೆನ್ಯೂ ಬಸ್ಸು ಯೂನಿವರ್ಸಿಟಿ ಬಾಗಿಲಲ್ಲೇ ಇಳಿಸುತ್ತದೆ. ಕನ್ನಡದವರ ಮನೆಗಳೂ ಒಂದಿಷ್ಟಿವೆ. ಸೊಕೊರೊದಲ್ಲಿ ಕನ್ನಡ ಮಾತಾಡೋಳು ನಾನೊಬ್ಬಳೇ ಇದ್ದೆ.

ನೀರಿನ ಕಾನೂನು, ನೀತಿ ಕಡೆ ಒಲವಿದ್ದರೆ ಆಲ್ಬುಕರ್ಕಿಯೇ ಸರಿ. ವಿಜ್ಞಾನ ಮತ್ತು ನೀತಿ ಎರಡನ್ನೂ ಸೇರಿಸಿ ಓದಿಸುವ ವಾಟರ್ ರಿಸೋರ್ಸಸ್ ಮಾಸ್ಟರ್ಸ್ ಅಲ್ಲಿದೆ, ಲಾ ಸ್ಕೂಲ್ ಕೂಡ ಅದೇ ಯೂನಿವರ್ಸಿಟಿಯದ್ದು. ಈ ರಾಜ್ಯದಲ್ಲಿ ಪ್ವೆಬ್ಲೊ ಎಂಬ ಮೂಲನಿವಾಸಿಗಳ 19 ಸಮುದಾಯಗಳಿವೆ, ಮೂಲನಿವಾಸಿಗಳೇ ಆದ ನವಾಹೊ, ಅಪಾಚೆ ಜನರಿದ್ದಾರೆ, ಸುಮಾರು ಅರ್ಧದಷ್ಟು ಜನ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಭಾಷೆಯ ಮೂಲದವರು. ನೀರಿನ ಯಾವ ಪ್ರಶ್ನೆ ಎತ್ತಿದರೂ ಇವರೆಲ್ಲರ ಹಕ್ಕು ಅದರೊಳಗೆ ಬಂದೇ ಬರುತ್ತದೆ. ಆಲ್ಬುಕರ್ಕಿಯ ಕೆಳಗಿನ ಇಸ್ಲೆಟಾ ಪ್ವೆಬ್ಲೊ ತನ್ನ ಪಾಲಿನ ನದಿಗೆ ರಾಜ್ಯಕ್ಕಿಂತ ಬಿಗಿಯಾದ ಶುದ್ಧತೆಯ ನಿಯಮ ಮಾಡಿತು. ಆಲ್ಬುಕರ್ಕಿ ನಗರಾಡಳಿತ ಇದರ ವಿರುದ್ಧ ಕೋರ್ಟಿಗೆ ಹೋಯಿತು. 1996ರಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು ಇಸ್ಲೆಟಾ ಪರ ತೀರ್ಪು ಕೊಟ್ಟಿತು. ಪ್ವೆಬ್ಲೊ ನೆಲದಲ್ಲಿ ಒಂದು ಬಾಟಲಿ ನೀರು ಹಿಡಿಯಬೇಕಾದರೂ ಅವರ ಅನುಮತಿ ಬೇಕು. ಅದಕ್ಕೆ ತಿಂಗಳುಗಳು ಹಿಡಿಯಬಹುದು, ಥೀಸಿಸ್ ಯೋಜನೆ ಹಾಕುವಾಗಲೇ ಲೆಕ್ಕಕ್ಕೆ ತಗೊಳ್ಳಿ.

ಉತ್ತರದ ಕಡೆ ಅಸೆಕಿಯಾಗಳನ್ನು ನೋಡಲೇಬೇಕು. ಸ್ಪ್ಯಾನಿಷ್ ಕಾಲದಿಂದ ಬಂದ, ಊರಿನವರೇ ನಡೆಸುವ ಕಾಲುವೆಗಳು. ಯಾರ ಹೊಲಕ್ಕೆ ಯಾವಾಗ ನೀರು ಅಂತ ನೋಡಿಕೊಳ್ಳುವವರು ಮಯೊರ್ದೊಮೊ. ನಮ್ಮ ಕೋಲಾರದ ಕಡೆ ಕೆರೆ ತೂಬು ನೋಡಿಕೊಳ್ಳುವ ನೀರುಗಂಟಿಯ ಕೆಲಸವೇ ಹೆಚ್ಚುಕಮ್ಮಿ. ವಸಂತದಲ್ಲಿ ಎಲ್ಲರೂ ಸೇರಿ ಹೂಳು ತೆಗೆಯುತ್ತಾರೆ. ಒಂದು ಸಲ ನಾನೂ ಸಲಿಕೆ ಹಿಡಿದು ಹೋದೆ. ಆವತ್ತು ತಿಳಿದಷ್ಟು ಒಂದಿಡೀ ಸೆಮಿಸ್ಟರಿನಲ್ಲಿ ತಿಳಿದಿರಲಿಲ್ಲ.

ಲಾಸ್ ಕ್ರೂಸಸ್? ಕೃಷಿ, ನೀರಾವರಿ ಓದುವವರಿಗೆ ಚಿನ್ನದಂಥ ಜಾಗ. ರಾಜ್ಯದ ಜಲ ಸಂಶೋಧನಾ ಸಂಸ್ಥೆ ಅಲ್ಲಿದೆ, ಮೆಣಸಿನಕಾಯಿಗೇ ಮೀಸಲಾದ ಸಂಸ್ಥೆಯೂ ಇದೆ. ನದಿಯ ಮೇಲ್ಭಾಗದಲ್ಲಿ 1916ರಲ್ಲಿ ಮುಗಿದ ಎಲಿಫೆಂಟ್ ಬ್ಯೂಟ್ ಅಣೆಕಟ್ಟು ನೀರು ಬಿಟ್ಟಾಗ ಮಾತ್ರ ಊರ ಪಕ್ಕ ನದಿ ಹರಿಯುತ್ತದೆ, ಉಳಿದ ತಿಂಗಳು ಬರೀ ಮರಳು. ಈ ನೀರಿಗಾಗಿಯೇ ಟೆಕ್ಸಾಸ್ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದು. ರಾಜ್ಯಗಳು ಮಾಡಿಕೊಂಡ ರಾಜಿಯನ್ನು 2024ರಲ್ಲಿ ಕೋರ್ಟು ಒಪ್ಪಲಿಲ್ಲ. ಗಡಿ ಹತ್ತಿರ ಇರುವುದರಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯಲ್ಲಿ ತಪಾಸಣಾ ಠಾಣೆ ಇದೆ. ಪಾಸ್‌ಪೋರ್ಟ್, ಐ-94 (ದೇಶದೊಳಗೆ ಬಂದ ದಾಖಲೆ), ಐ-20 (ಯೂನಿವರ್ಸಿಟಿ ಕೊಡುವ ವಿದ್ಯಾರ್ಥಿ ಪತ್ರ) ಬ್ಯಾಗಿನಲ್ಲೇ ಇರಲಿ. ಫೋನಿನಲ್ಲಿರುವ ಫೋಟೊ ನಂಬಿ ಹೊರಡಬೇಡಿ. ನನಗೆ ಅಲ್ಲಿನ ಜೂನ್ ಬಿಸಿಲು ಆಗಲಿಲ್ಲ, ಅಷ್ಟೇ.

ಲಾಸ್ ಅಲಾಮೋಸ್, ಸ್ಯಾಂಡಿಯಾ ಎಂಬ ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳ ಆಸೆಯಿಂದ ಈ ರಾಜ್ಯ ಆರಿಸಬೇಡಿ. ಅಲ್ಲಿನ ಬಹಳಷ್ಟು ಕೆಲಸಗಳಿಗೆ ಅಮೆರಿಕದ ಪೌರತ್ವ ಕೇಳುತ್ತಾರೆ. ಸಸ್ಯಾಹಾರಿಗಳು ಹೋಟೆಲಿನಲ್ಲಿ ಚಿಲಿ ಸಾಸ್ ಹೇಳುವ ಮೊದಲು ಅದರಲ್ಲಿ ಮಾಂಸ ಇದೆಯಾ ಅಂತ ಕೇಳಿ. ಕೆಂಪಿನಲ್ಲೂ ಇರಬಹುದು, ಹಸಿರಿನಲ್ಲೂ ಇರಬಹುದು.

ನಾನು ಮನೆಯಲ್ಲೇ ಅಡುಗೆ ಮಾಡಿಕೊಳ್ಳುವವಳು, ಗಲಾಟೆ ಬೇಡ, ಮನೆಯಿಂದ ದುಡ್ಡು ತರಿಸುವ ಹಾಗಿರಲಿಲ್ಲ. ಅಂಥವರಿಗೆ ಸೊಕೊರೊ. ಡ್ರೈವಿಂಗ್ ಅಂದರೆ ಆಗದವರಿಗೆ ಆಲ್ಬುಕರ್ಕಿ. ಅಸಿಸ್ಟೆಂಟ್‌ಶಿಪ್ (ಓದಿನ ಜೊತೆಗೆ ಪಾಠಕ್ಕೋ ಸಂಶೋಧನೆಗೋ ಸಹಾಯಕರಾಗುವ ಸಂಬಳದ ಕೆಲಸ) ಪತ್ರ ಎಲ್ಲಿಂದ ಬಂದರೂ ಸರಿ, ಸಂಬಳ ಒಂಬತ್ತು ತಿಂಗಳಿಗೋ ಹನ್ನೆರಡಕ್ಕೋ, ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ಅಮೆರಿಕದ ಬಹುತೇಕ ಗ್ರ್ಯಾಜುಯೇಟ್ ಸ್ಕೂಲ್‌ಗಳು ಹಣ ಸಹಾಯದ ಆಫರ್‌ಗೆ ಉತ್ತರಿಸಲು ಏಪ್ರಿಲ್ 15ರವರೆಗೆ ಸಮಯ ಕೊಡುತ್ತವೆ, ಅವಸರ ಮಾಡಬೇಡಿ.